ಹತ್ತು ಕೈ ಬರೆಯುವ ಲೆಕ್ಕದ ಪುಸ್ತಕ

ಪೀಣ್ಯದ ಯಾವುದಾದರೊಂದು ಕಾರ್ಖಾನೆಯ ಕಚೇರಿಗೆ ಬೆಳಗ್ಗೆ ಒಂಬತ್ತು ಗಂಟೆಗೆ ಹೋಗಿ ನೋಡಿರಿ. ಕೆಲಸಕ್ಕೆ ಬಂದವರು ಮೊದಲು ಮಾಡುವುದು ಒಂದು ಪುಸ್ತಕವನ್ನು ತೆರೆಯುವ ಕೆಲಸ. ಆ ಪುಸ್ತಕ ಮೇಜಿನ ಮೇಲಿಲ್ಲ, ಬೀರುವಿನಲ್ಲಿಯೂ ಇಲ್ಲ. ಕಂಪ್ಯೂಟರಿನ ಒಳಗೆ ಇದೆ. ಉಗ್ರಾಣದವನು ಅದರಲ್ಲಿ ಬೇರಿಂಗುಗಳ ಲೆಕ್ಕವನ್ನು ಬರೆಯುತ್ತಾನೆ, ಸಂಬಳದ ವಿಭಾಗದಾಕೆ ಹಾಜರಿಯನ್ನು ಬರೆಯುತ್ತಾಳೆ, ಮಾರಾಟದವನು ಬಿಲ್ಲುಗಳನ್ನು ಬರೆಯುತ್ತಾನೆ. ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಹೀಗೆಯೇ. ಅಲ್ಲಿ ಪುಸ್ತಕ ಇನ್ನೂ ದೊಡ್ಡದು, ಬರೆಯುವ ಕೈಗಳು ಇನ್ನೂ ಹೆಚ್ಚು. ಆ ಕೈಗಳಲ್ಲಿ ಒಂದು ನಿಮ್ಮ ಮಗನದೋ ಸೊಸೆಯದೋ ಆಗಿರಬಹುದು; ಅಥವಾ ನಿಮ್ಮದೇ ಆಗಿರಬಹುದು.

ಇಂಥ ಪುಸ್ತಕವನ್ನು ಸುರಕ್ಷಿತವಾಗಿಯೂ ಸುಲಭವಾಗಿಯೂ ತೆರೆಯುವುದು ಹೇಗೆಂಬುದು ಇಂದಿನ ವಿಷಯ. ಕನ್ನಡ ಪಾಠ ಹೇಳುವ ಮೇಷ್ಟರಿಗೆ ಇದರಲ್ಲೇನು ಕೆಲಸವೆಂದು ಕೇಳುವಿರೇನೋ. ನಮ್ಮಲ್ಲಿ ಓದಿದ ಮಕ್ಕಳಲ್ಲಿ ಬಹುಮಂದಿ ಈ ಮೂರು ಕಡೆಗಳಲ್ಲಿಯೇ ಅನ್ನ ಸಂಪಾದಿಸುತ್ತಿದ್ದಾರೆ. ಅವರ ಅನ್ನದ ಕೆಲಸವನ್ನು ಅರಿಯದೆ ಅವರ ಭಾಷೆಯನ್ನು ಮಾತ್ರ ತಿದ್ದುತ್ತೇನೆಂದರೆ ನಡೆಯುವ ಮಾತಲ್ಲ. ಅಲ್ಲದೆ, ಇದು ಯಂತ್ರದ ವಿಷಯಕ್ಕಿಂತ ಹೆಚ್ಚಾಗಿ ನಂಬಿಕೆಯ ವಿಷಯ. ನಂಬಿಕೆಯ ವಿಷಯವನ್ನು ಯಾರು ಬೇಕಾದರೂ ಆಡಬಹುದು.

ಮೊದಲು ಹೆಸರನ್ನು ನೋಡೋಣ. ಇದಕ್ಕೆ ಎಲ್ಲರೂ ಡೇಟಾಬೇಸು ಎನ್ನುತ್ತಾರೆ. ಡೇಟಾ ಎಂಬುದು ಲ್ಯಾಟಿನ್ ಭಾಷೆಯ ಮಾತು. ‘ಕೊಟ್ಟವು’ ಎಂದು ಅದರ ಮೂಲಾರ್ಥ. ನಮ್ಮವರು ಅದಕ್ಕೆ ದತ್ತ, ದತ್ತಾಂಶ ಎಂದು ಹೆಸರಿಟ್ಟುದು ಬಹಳ ಉಚಿತವಾಯಿತು. ಸಂಸ್ಕೃತದ ‘ದಾ’ ಧಾತುವೂ ಆ ಲ್ಯಾಟಿನ್ ಧಾತುವೂ ಒಂದೇ ಕುಲದವು. ದತ್ತವೆಂದ ಮೇಲೆ ಕೊಟ್ಟವರೊಬ್ಬರು ಇರಲೇಬೇಕಷ್ಟೆ? ಕಾರ್ಮಿಕನು ತನ್ನ ಹೆಸರು, ವಯಸ್ಸು, ಬ್ಯಾಂಕಿನ ಖಾತೆ, ಭವಿಷ್ಯನಿಧಿಯ ಸಂಖ್ಯೆ ಇವನ್ನು ಕೊಟ್ಟಿದ್ದಾನೆ. ಗಿರಾಕಿಯು ತನ್ನ ವಿಳಾಸವನ್ನೂ ಬಾಕಿಯನ್ನೂ ತಿಳಿಸಿದ್ದಾನೆ. ಕಚೇರಿಯು ಇವನ್ನು ಒಟ್ಟುಗೂಡಿಸಿ ಕೋಶದಲ್ಲಿಟ್ಟಿದೆ. ಆದುದರಿಂದ ಇದನ್ನು ದತ್ತಕೋಶವೆಂದು ಕರೆಯೋಣ. ಒಬ್ಬರು ಕೊಟ್ಟುದನ್ನು ಇನ್ನೊಬ್ಬರು ಕಾಪಾಡುವ ಸ್ಥಳ ಎಂಬ ಅರ್ಥ ಆ ಮಾತಿನಲ್ಲಿಯೇ ಇದೆ.

ಹಿಂದೆ ಊರಿಗೊಬ್ಬ ಶಾನುಭೋಗರಿದ್ದರು, ಲೆಕ್ಕಕ್ಕೆ ಕಡತವಿತ್ತು. ಕಡತವೆಂದರೆ ಇಂದಿನ ಕಾಗದದ ಕಟ್ಟಲ್ಲ. ಬಟ್ಟೆಗೆ ಹುಣಿಸೆಬೀಜದ ಗಂಜಿಯನ್ನೂ ಇದ್ದಿಲಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಬರೆಯುತ್ತಿದ್ದರು. ತಪ್ಪಾದರೆ ಒರಸಿ ಮತ್ತೆ ಬರೆಯಬಹುದಾಗಿತ್ತು. ಒಂದು ಕಡತ, ಒಂದು ಕೈ. ಅದರಲ್ಲಿ ಗುಣವೂ ಇತ್ತು, ದೋಷವೂ ಇತ್ತು. ಬರೆದವರು ಯಾರೆಂದು ಊರಿಗೆಲ್ಲ ಗೊತ್ತು, ಇದು ಗುಣ. ಒರಸಿದ್ದು ಏನೆಂದು ಯಾರಿಗೂ ಗೊತ್ತಾಗದು, ಇದು ದೋಷ.

ಈಗ ಪುಸ್ತಕ ಒಂದೇ, ಕೈಗಳು ಹತ್ತು, ಬರೆಯುವ ಹೊತ್ತೂ ಒಂದೇ. ಇದರಿಂದ ಹುಟ್ಟುವ ತೊಡಕು ಎಂಥದೆಂಬುದಕ್ಕೆ ಒಂದು ಸಣ್ಣ ಲೆಕ್ಕವನ್ನು ಮಾಡಿ ನೋಡಿರಿ. ಉಗ್ರಾಣದಲ್ಲಿ ೧೦೦ ಬೇರಿಂಗುಗಳಿವೆ. ಒಬ್ಬನು ಪುಸ್ತಕವನ್ನು ತೆರೆದು ೧೦೦ ಎಂದು ಓದುತ್ತಾನೆ. ಅದೇ ಕ್ಷಣದಲ್ಲಿ ಇನ್ನೊಬ್ಬನೂ ತೆರೆದು ೧೦೦ ಎಂದು ಓದುತ್ತಾನೆ. ಮೊದಲಿನವನು ೩೦ನ್ನು ಕೊಟ್ಟು, ಉಳಿದದ್ದು ೭೦ ಎಂದು ಬರೆಯುತ್ತಾನೆ. ಎರಡನೆಯವನು ೨೦ನ್ನು ಕೊಟ್ಟು, ಉಳಿದದ್ದು ೮೦ ಎಂದು ಬರೆಯುತ್ತಾನೆ. ಕೊನೆಗೆ ಪುಸ್ತಕದಲ್ಲಿ ನಿಲ್ಲುವುದು ೮೦, ಉಗ್ರಾಣದಲ್ಲಿರುವುದು ೫೦. ಇಬ್ಬರೂ ಪ್ರಾಮಾಣಿಕರೇ, ಇಬ್ಬರ ವ್ಯವಕಲನವೂ ಸರಿಯೇ. ಆದರೂ ೩೦ ಬೇರಿಂಗುಗಳು ಲೆಕ್ಕ ತಪ್ಪಿದವು!

ಈ ತೊಡಕನ್ನು ವಿದ್ವಾಂಸರು ಮೊದಲಿನಿಂದಲೂ ಕಂಡವರೇ. ಐ.ಬಿ.ಎಂ. ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಎಂಬವರು ೧೯೭೦ರಲ್ಲಿ ಪ್ರಕಟಿಸಿದ ಒಂದು ಲೇಖನ ಇಂದಿನ ಬಹುಪಾಲು ದತ್ತಕೋಶಗಳಿಗೆ ಅಡಿಪಾಯವಾಯಿತು. ‘ಹಲವರು ಹಂಚಿಕೊಂಡ ದೊಡ್ಡ ದತ್ತ ಭಂಡಾರ’ ಎಂಬ ಮಾತು ಅದರ ಶೀರ್ಷಿಕೆಯಲ್ಲಿಯೇ ಬರುತ್ತದೆ. ಮುಂದೆ ಜಿಮ್ ಗ್ರೇ ಮೊದಲಾದವರು, ಒಂದು ವ್ಯವಹಾರವು ಪೂರ್ತಿಯಾಗಿ ನಡೆಯಬೇಕು ಇಲ್ಲವೆ ನಡೆಯಲೇಬಾರದು ಎಂಬ ನಿಯಮವನ್ನು ಯಂತ್ರಕ್ಕೆ ಕಲಿಸಿದರು. ಒಬ್ಬನು ಒಂದು ಸಾಲನ್ನು ತಿದ್ದುತ್ತಿರುವಷ್ಟು ಹೊತ್ತು ಆ ಸಾಲಿಗೆ ಬೀಗ. ಅವನು ಮುಗಿಸಿದ ಮೇಲೆ ಮತ್ತೊಬ್ಬನ ಸರದಿ. ಈ ಬೀಗವನ್ನು ಹಾಕುವುದೂ ತೆಗೆಯುವುದೂ ಯಂತ್ರದ ಕೆಲಸ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ನಮ್ಮ ಕೆಲಸವೆಂದರೆ ಯಂತ್ರದ ಕಣ್ಣು ತಪ್ಪಿಸಿ ಪಕ್ಕದ ಬಾಗಿಲಿನಿಂದ ನುಗ್ಗದಿರುವುದು.

ಪಕ್ಕದ ಬಾಗಿಲು ಯಾವುದು? ಸಣ್ಣ ಕಚೇರಿಗಳಲ್ಲಿ ಇದು ಬಹಳ ಸಾಮಾನ್ಯ. ಮೈಕ್ರೋಸಾಫ್ಟ್ ಸಂಸ್ಥೆಯು ೧೯೯೨ರಲ್ಲಿ ಹೊರತಂದ ಆಕ್ಸೆಸ್ ಎಂಬ ಸಾಧನದಲ್ಲಿ ಇಡೀ ದತ್ತಕೋಶವು ಒಂದೇ ಕಡತವಾಗಿರುತ್ತದೆ. ಅದನ್ನು ಎಲ್ಲರಿಗೂ ಸಿಕ್ಕುವ ಜಾಗದಲ್ಲಿಟ್ಟು, ಎಲ್ಲರೂ ಅದನ್ನೇ ನೇರವಾಗಿ ತೆರೆಯುವುದು ಎಷ್ಟೋ ಕಡೆ ವಾಡಿಕೆ. ಅದಕ್ಕಿಂತ ಒಳ್ಳೆಯ ಕ್ರಮವೊಂದಿದೆ. ಕೋಶವನ್ನು ಎರಡು ಭಾಗ ಮಾಡಬೇಕು. ದತ್ತಗಳ ಕೋಷ್ಟಕಗಳು ಮಾತ್ರ ಸರ್ವರಿನಲ್ಲಿ, ಒಂದೇ ಕಡೆ, ಇರಬೇಕು. ಬರೆಯುವ ನಮೂನೆಗಳೂ ವರದಿಗಳೂ ಪ್ರತಿಯೊಬ್ಬರ ಯಂತ್ರದಲ್ಲಿ ಅವರವರ ಪ್ರತಿಯಾಗಿ ಇರಬೇಕು. ಬ್ಯಾಂಕಿನಲ್ಲಿ ಕಿಟಕಿಗಳು ಹಲವು, ಖಜಾನೆ ಒಂದೇ, ಹಾಗೆ. ಒಂದು ಕಿಟಕಿಯ ಗಾಜು ಒಡೆದರೆ ಖಜಾನೆಗೇನೂ ಆಗದು.

ಇಂಥ ಕೋಶವನ್ನು ಯಾರಾದರೂ ತೆರೆದೊಡನೆ ಅದರ ಪಕ್ಕದಲ್ಲಿ ಒಂದು ಪುಟ್ಟ ಕಡತವು ತಾನಾಗಿಯೇ ಕಾಣಿಸಿಕೊಳ್ಳುತ್ತದೆ. ಒಳಗೆ ಯಾರಿದ್ದಾರೆಂಬುದರ ಗುರುತು ಅದು. ಮನೆಯ ಹೊಸ್ತಿಲ ಹೊರಗೆ ಬಿಟ್ಟ ಚಪ್ಪಲಿಗಳಿದ್ದ ಹಾಗೆ. ಚಪ್ಪಲಿಗಳಿರುವಾಗ ಒಳಗೆ ಜನರಿದ್ದಾರೆಂದೇ ತಿಳಿಯಬೇಕು. ಆಗ ಕೋಶವನ್ನು ನಕಲು ಮಾಡುವುದಾಗಲಿ, ಬೇರೆಡೆಗೆ ಸಾಗಿಸುವುದಾಗಲಿ, ಆ ಪುಟ್ಟ ಕಡತವನ್ನು ಕಸವೆಂದು ಅಳಿಸಲು ಹೋಗುವುದಾಗಲಿ ಸರಿಯಲ್ಲ. ಹಾಗೆಯೇ, ಇಂಥ ಕೋಶವನ್ನು ವೈಫೈ ಮೂಲಕ ತೆರೆಯದೆ ತಂತಿಯ ಜಾಲದಲ್ಲಿಯೇ ತೆರೆಯುವುದು ಮೇಲು. ಬರೆಯುತ್ತಿರುವಾಗ ಸಂಪರ್ಕ ಕಡಿದರೆ ಅರ್ಧ ಬರೆದ ಸಾಲಿನಿಂದ ಇಡೀ ಕಡತವೇ ಕೆಡಬಹುದು. ಸಂಜೆ ಎದ್ದು ಹೋಗುವಾಗ ಯಂತ್ರದ ಗುಂಡಿಯನ್ನು ಒತ್ತಿ ಹೋಗುವುದಲ್ಲ. ಮೊದಲು ಕೋಶವನ್ನು ಮುಚ್ಚಿ, ಆಮೇಲೆ ಯಂತ್ರವನ್ನು ನಿಲ್ಲಿಸಬೇಕು. ದೊಡ್ಡ ಸಂಸ್ಥೆಗಳು ಬಳಸುವ ಸರ್ವರು ಮಾದರಿಯ ದತ್ತಕೋಶಗಳಿಗೆ ಈ ತೊಂದರೆಗಳು ಕಡಮೆ. ಅಲ್ಲಿ ಕೋಶವನ್ನು ಮುಟ್ಟುವುದು ಸರ್ವರಿನ ಕಾವಲುಗಾರನೇ, ನಾವಲ್ಲ.

ಇಷ್ಟಾದ ಮೇಲೂ ಮುಖ್ಯವಾದ ಪ್ರಶ್ನೆ ಉಳಿಯಿತು. ಬಾಗಿಲನ್ನು ತೆರೆಯುವ ಕೀಲಿ ಯಾರ ಕೈಯಲ್ಲಿ?

ಈ ಪ್ರಶ್ನೆಗೆ ನಮ್ಮ ನಾಡಿನಲ್ಲಿಯೇ ಒಂದು ದೊಡ್ಡ ಉತ್ತರ ದೊರೆತಿದೆ. ಕೆಯೋನಿಕ್ಸ್ ಸಂಸ್ಥೆಯು ೧೯೭೬ರಲ್ಲಿ ಹುಟ್ಟಿ, ಆರ್. ಕೆ. ಬಾಳಿಗರ ಕನಸಿನಂತೆ ದೊಡ್ಡತೋಗೂರು, ಕೋನಪ್ಪನ ಅಗ್ರಹಾರಗಳ ಬಯಲಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿತು. ಅದಕ್ಕೆ ಮೊದಲು ಆ ಭೂಮಿಯೆಲ್ಲ ಪಹಣಿಯ ಒಂದೊಂದು ಸಾಲಾಗಿಯೇ ಇದ್ದುದು. ಶಾನುಭೋಗಿಕೆಯ ವಂಶಪಾರಂಪರ್ಯ ಹಕ್ಕು ೧೯೬೧ರ ಕಾಯಿದೆಯಿಂದ ರದ್ದಾಯಿತು. ಪಹಣಿಗಳು ಗ್ರಾಮ ಲೆಕ್ಕಿಗರ ಕೈಗೆ ಬಂದವು. ನಾಡಿನಲ್ಲಿ ಸುಮಾರು ೯,೦೦೦ ಮಂದಿ ಲೆಕ್ಕಿಗರು. ಅವರ ಪುಸ್ತಕಗಳಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳು. ರೈತನು ತನ್ನದೇ ಹೊಲದ ಪಹಣಿಗಾಗಿ ಪುಸ್ತಕವಿದ್ದವರ ಬಾಗಿಲಲ್ಲಿ ಕಾಯಬೇಕಾಗಿತ್ತು.

೨೦೦೦ದ ಆಸುಪಾಸಿನಲ್ಲಿ ಕರ್ನಾಟಕ ಸರ್ಕಾರದ ಭೂಮಿ ಯೋಜನೆಯು ಈ ದಾಖಲೆಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿತು. ೧೭೭ ತಾಲ್ಲೂಕುಗಳಲ್ಲಿ ಕೇಂದ್ರಗಳು ತೆರೆದವು. ೧೫ ರೂಪಾಯಿಗೆ ಯಾವ ರೈತನಾದರೂ ತನ್ನ ಪಹಣಿಯನ್ನು ಪಡೆಯಬಹುದಾಯಿತು. ಎಲ್ಲರೂ ಹೊಗಳಿದ್ದು ಈ ಸೌಕರ್ಯವನ್ನು. ಅದರ ಹಿಂದಿದ್ದ ಎರಡು ಏರ್ಪಾಡುಗಳು ನನಗೆ ಇನ್ನೂ ಹಿರಿದಾಗಿ ಕಾಣುತ್ತವೆ. ಒಂದು, ದಾಖಲೆಯನ್ನು ತಿದ್ದುವ ಅಧಿಕಾರಿಯು ಪಾಸ್‌ವರ್ಡಿನಿಂದ ಮಾತ್ರವೇ ಒಳಗೆ ಹೋಗುವಂತಿರಲಿಲ್ಲ. ತನ್ನ ಬೆರಳನ್ನು ಯಂತ್ರದ ಮೇಲೆ ಒತ್ತಬೇಕಾಗಿತ್ತು. ಆಮೇಲೆ ‘ಆ ಬದಲಾವಣೆ ನಾನು ಮಾಡಿದ್ದಲ್ಲ’ ಎನ್ನುವ ಹಾಗಿಲ್ಲ. ಎರಡು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲಿಯೇ ತೆಗೆದುಕೊಳ್ಳಬೇಕು. ಬೇಕಾದವರದನ್ನು ಮೊದಲು, ಬೇಡದವರದನ್ನು ಕೊನೆಗೆ ಎಂದರೆ ಯಂತ್ರ ಒಪ್ಪದು. ಪಾಸ್‌ವರ್ಡನ್ನು ಇನ್ನೊಬ್ಬರ ಕಿವಿಯಲ್ಲಿ ಹೇಳಬಹುದು, ಬೆರಳನ್ನು ಕೊಟ್ಟು ಹೋಗಲಾಗದು. ಪುಸ್ತಕ ಎಲ್ಲರದು, ರುಜು ಮಾತ್ರ ಅವರವರದು. ಹಂಚಿಕೊಂಡ ಕೋಶದ ಮೊದಲ ಧರ್ಮವೇ ಇದು.

ಈಗ ಪೀಣ್ಯಕ್ಕೆ ಮರಳೋಣ. ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳಿರಿ. ಒಂದು ಕಚೇರಿಯ ಸಂಬಳದ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದ ಹುಡುಗಿಯೊಬ್ಬಳು ಕೆಲಸಕ್ಕೆ ಸೇರಿದ್ದಾಳೆ. ಅವಳ ಪಾಸ್‌ವರ್ಡನ್ನು ಸುತ್ತಲಿನ ನಾಲ್ವರು ಬಲ್ಲರು. ‘ನಾವೆಲ್ಲ ಒಂದೇ ಮನೆಯವರಿದ್ದಂತೆ, ಇದರಲ್ಲೇನು?’ ಎಂಬುದು ಅವರ ಮಾತು. ಒಂದು ರಾತ್ರಿಪಾಳಿಯಲ್ಲಿ ಯಾರೋ ಅವಳ ಹೆಸರಿನಿಂದ ಒಳಹೊಕ್ಕು ಮೂವತ್ತು ಮಂದಿಯ ಹೆಚ್ಚುವರಿ ಗಂಟೆಗಳನ್ನು ತಿದ್ದಿದರು. ತಿಂಗಳ ಕೊನೆಯಲ್ಲಿ ಮೂವತ್ತು ಮನೆಗಳಿಗೆ ಸಂಬಳ ಕಡಮೆ ಹೋಯಿತು. ಮನೆಬಾಡಿಗೆ ನಿಂತಿತು, ಮಗುವಿನ ಶಾಲೆಯ ಶುಲ್ಕ ನಿಂತಿತು. ವಿಚಾರಣೆಯಾದಾಗ ಯಂತ್ರವು ತೋರಿಸುವ ಹೆಸರು ಯಾರದು? ಆ ಹುಡುಗಿಯದೇ. ಅವಳು ಆ ರಾತ್ರಿ ಮನೆಯಲ್ಲಿ ನಿದ್ರಿಸುತ್ತಿದ್ದಳೆಂದು ಯಂತ್ರಕ್ಕೆ ಗೊತ್ತಿಲ್ಲ. ಆ ನಾಲ್ವರಲ್ಲಿ ನಿರಪರಾಧಿಗಳಾದ ಮೂವರ ಮೇಲೂ ಸಂದೇಹ ಉಳಿಯುತ್ತದೆ. ತಪ್ಪು ಮಾಡಿದವನೊಬ್ಬನೇ ನೆಮ್ಮದಿಯಾಗಿರುತ್ತಾನೆ.

ಆದುದರಿಂದ, ಕೀಲಿಯನ್ನು ಕೊಡದಿರುವುದು ಅಪನಂಬಿಕೆಯಲ್ಲ. ಗೆಳೆಯನಿಗೆ ಕೀಲಿಯನ್ನು ಕೊಟ್ಟರೆ, ಮುಂದೆ ಏನಾದರೂ ಆದಾಗ ಅವನ ಮೇಲೂ ಸಂದೇಹವನ್ನು ಹೊರಿಸಿದಂತಾಗುತ್ತದೆ. ಮೇಲಧಿಕಾರಿಯೇ ಕೇಳಿದರೂ ‘ತಮಗೆ ಬೇಕಾದುದನ್ನು ನೋಡಲು ತಮ್ಮ ಹೆಸರಿನಲ್ಲಿಯೇ ಅನುಮತಿ ಮಾಡಿಸಿಕೊಡುತ್ತೇವೆ’ ಎನ್ನುವುದು ವಿನಯವೇ ಹೊರತು ಉದ್ಧಟತನವಲ್ಲ. ಇದನ್ನು ಮನೆಯ ಹಿರಿಯರು ಮಕ್ಕಳಿಗೆ ಹೇಳಿಕೊಡಬೇಕು. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಇಲ್ಲವೆನ್ನುವ ಧೈರ್ಯ ಬರುವುದು ಕಷ್ಟ.

ಕೀಲಿಗಳಲ್ಲಿಯೂ ತಾರತಮ್ಯ ಬೇಕು. ಸಾಲ್ಟ್‌ಜರ್ ಮತ್ತು ಶ್ರೋಡರ್ ಎಂಬಿಬ್ಬರು ೧೯೭೫ರಲ್ಲಿ ಇದನ್ನು ಒಂದು ಸೂತ್ರವಾಗಿ ಹೇಳಿದರು: ಯಾರಿಗೇ ಆಗಲಿ ಅವರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವಿರಬೇಕು. ಉಗ್ರಾಣದವನಿಗೆ ಸಂಬಳದ ಪುಟ ಕಾಣಬೇಕಾಗಿಲ್ಲ. ಲೆಕ್ಕ ತಪಾಸಣೆಯವರು ಎಲ್ಲವನ್ನೂ ಓದಲಿ, ಯಾವುದನ್ನೂ ತಿದ್ದದಿರಲಿ. ಕೆಲಸ ಬಿಟ್ಟು ಹೋದವನ ಕೀಲಿಯು ಅದೇ ಸಂಜೆ ನಿಲ್ಲಲಿ. ಗುತ್ತಿಗೆಯ ಮೇಲೆ ಜನ ಬಂದು ಹೋಗುವ ಕಡೆಗಳಲ್ಲಿ ಈ ಕೊನೆಯ ಮಾತನ್ನು ಬಹಳ ಬೇಗ ಮರೆಯುತ್ತಾರೆ.

ಇನ್ನು ಸುಲಭದ ಮಾತು. ಸುರಕ್ಷಿತವಾದದ್ದು ಕಷ್ಟವಾಗಿಯೇ ಇರಬೇಕು, ಸುಲಭವಾದದ್ದು ಅಪಾಯವಾಗಿಯೇ ಇರಬೇಕು ಎಂದು ಹಲವರ ಎಣಿಕೆ. ನಾನು ಇದನ್ನು ಒಪ್ಪಲಾರೆ. ಮುಂಬಾಗಿಲಿಗೆ ಐದು ಬೀಗ ಜಡಿದ ಮನೆಯಲ್ಲಿ ಮಕ್ಕಳು ಹಿತ್ತಿಲ ಗೋಡೆ ಹಾರುವುದನ್ನು ಕಲಿಯುತ್ತಾರೆ. ದತ್ತಕೋಶವನ್ನು ತೆರೆಯಲು ಹತ್ತು ನಿಮಿಷ ಹಿಡಿದರೆ, ಬೆಳಗ್ಗೆ ಒಬ್ಬನು ತೆರೆದಿಟ್ಟದ್ದನ್ನೇ ಸಂಜೆಯವರೆಗೆ ಎಲ್ಲರೂ ಬಳಸುತ್ತಾರೆ. ತಿಂಗಳಿಗೊಮ್ಮೆ ಪಾಸ್‌ವರ್ಡನ್ನು ಬದಲಿಸಿರೆಂದು ಪೀಡಿಸಿದರೆ, ಅದು ಚೀಟಿಯಲ್ಲಿ ಬರೆಯಲ್ಪಟ್ಟು ಯಂತ್ರದ ಹಣೆಗೇ ಅಂಟಿಕೊಳ್ಳುತ್ತದೆ. ಬೇಕಾದ ವರದಿ ಸುಲಭವಾಗಿ ಸಿಗದಿದ್ದರೆ, ಇಡೀ ಕೋಶದ ನಕಲು ಪೆನ್‌ಡ್ರೈವಿನಲ್ಲಿ ಜೇಬು ಸೇರುತ್ತದೆ. ಇದಾವುದೂ ಕಳ್ಳತನದ ಬುದ್ಧಿಯಿಂದ ನಡೆಯುವುದಲ್ಲ. ಕೆಲಸ ಬೇಗ ಮುಗಿಯಲೆಂಬ ಒಳ್ಳೆಯ ಬುದ್ಧಿಯಿಂದಲೇ ನಡೆಯುತ್ತದೆ. ಆದುದರಿಂದಲೇ ಸುಲಭವಾದ ನೇರ ಬಾಗಿಲನ್ನು ಮಾಡಿಕೊಡುವುದು ಸುರಕ್ಷೆಯ ಅರ್ಧಭಾಗವೆನ್ನುತ್ತೇನೆ.

ಅಂಥ ಬಾಗಿಲನ್ನು ಮಾಡುವುದು ಹೇಗೆ? ಪ್ರತಿಯೊಬ್ಬರ ಪರದೆಯ ಮೇಲೆ ಒಂದೇ ಗುರುತು; ಅದನ್ನು ಒತ್ತಿದರೆ ಸರಿಯಾದ ಕೋಶದ ಸರಿಯಾದ ಪುಟವೇ ತೆರೆಯಬೇಕು, ಹುಡುಕಾಟ ಬೇಡ. ಬೆಳಗ್ಗೆ ಯಂತ್ರಕ್ಕೆ ಒಮ್ಮೆ ತಮ್ಮ ಹೆಸರು ಹೇಳಿಕೊಂಡರೆ ದಿನವೆಲ್ಲ ಅದೇ ಸಾಕಾಗಬೇಕು. ಜೊತೆಗೆ ಬೆರಳಚ್ಚೋ ಕೈಫೋನಿಗೆ ಬರುವ ಅಂಕೆಯೋ ಎರಡನೆಯ ಸಾಕ್ಷಿಯಾಗಿರಲಿ. ಆ ಅಂಕೆಯನ್ನು ಫೋನಿನಲ್ಲಿ ಕೇಳಿದವರಿಗೆ ಹೇಳುವುದು ಬೇಡ. ಪಾಸ್‌ವರ್ಡು ಚಿಕ್ಕದಾಗಿ ಕ್ಲಿಷ್ಟವಾಗಿರುವುದಕ್ಕಿಂತ ಉದ್ದವಾಗಿ ಸರಳವಾಗಿರುವುದು ಮೇಲು. ಅಮೆರಿಕದ ಎನ್.ಐ.ಎಸ್.ಟಿ. ಎಂಬ ಸರ್ಕಾರಿ ಮಾನಕ ಸಂಸ್ಥೆಯು ೨೦೧೭ರಲ್ಲಿ, ಕಾರಣವಿಲ್ಲದೆ ಅವಧಿಗೊಮ್ಮೆ ಬದಲಿಸುವ ನಿಯಮವನ್ನು ಕೈಬಿಡಿರೆಂದೂ, ಉದ್ದಕ್ಕೆ ಬೆಲೆ ಕೊಡಿರೆಂದೂ ಸಲಹೆ ಮಾಡಿತು. ಗುಟ್ಟು ಹೊರಬಿದ್ದಿದೆಯೆಂಬ ಅನುಮಾನ ಬಂದರೆ ಮಾತ್ರ ಆ ಕ್ಷಣವೇ ಬದಲಿಸಬೇಕು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಜೋಡಿಸಿರಿ. ನೇಗಿಲು, ನಶ್ಯ, ನವಿಲು, ನಾಗೋಲೋಟ ಎಂದಿಟ್ಟುಕೊಳ್ಳಿ. ಇದನ್ನೇ ಇಡಬೇಡಿರಿ; ಇದು ಈಗ ಊರಿಗೆಲ್ಲ ಗೊತ್ತಾಯಿತು! ಎಲ್ಲರ ಬಾಯಲ್ಲಿರುವ ವಚನವನ್ನೂ ಗಾದೆಯನ್ನೂ ಇಡಬೇಡಿರಿ. ಮಗುವಿನ ಹೆಸರನ್ನೂ ಹುಟ್ಟಿದ ತಾರೀಖನ್ನೂ ಇಡಬೇಡಿರಿ.

ಈಗ ಕಚೇರಿಯು ಮನೆಗೂ ಬಂದಿದೆ. ೨೦೨೦ರ ಸಾಂಕ್ರಾಮಿಕದ ಕಾಲದಿಂದ ಊಟದ ಮೇಜೇ ಎಷ್ಟೋ ಮನೆಗಳಲ್ಲಿ ಕಚೇರಿಯಾಯಿತು. ಮನೆಯಿಂದ ಕೋಶವನ್ನು ತೆರೆಯುವುದಾದರೆ ಕಚೇರಿಯವರು ಕೊಟ್ಟ ವಿ.ಪಿ.ಎನ್. ಎಂಬ ಗುಪ್ತಮಾರ್ಗದ ಮೂಲಕವೇ ತೆರೆಯಬೇಕು. ರಸ್ತೆಬದಿಯ ಕಂಪ್ಯೂಟರಿನಲ್ಲಿ ಬೇಡ. ಕಾಫಿಗೆ ಎದ್ದರೆ ಪರದೆಗೆ ಬೀಗ ಹಾಕಿ ಏಳಬೇಕು. ಅದೇ ಯಂತ್ರದಲ್ಲಿ ಮಕ್ಕಳು ಆಟವಾಡುವುದೂ ಬೇಡ. ಇದು ಮನೆಯವರೆಲ್ಲ ಸೇರಿ ನಡೆಸಬೇಕಾದ ಶಿಸ್ತು.

ಎಷ್ಟು ಎಚ್ಚರವಿದ್ದರೂ ಆಪತ್ತು ಬರಬಹುದು. ೨೦೧೭ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ಪೀಡೆಯು ಹಲವು ದೇಶಗಳ ಕಂಪ್ಯೂಟರುಗಳನ್ನು ಹೊಕ್ಕು, ಕಡತಗಳಿಗೆಲ್ಲ ತನ್ನ ಬೀಗವನ್ನು ಜಡಿದು, ಬಿಡಿಸಲು ಹಣವನ್ನು ಕೇಳಿತು. ಇಂಗ್ಲೆಂಡಿನ ಆಸ್ಪತ್ರೆಗಳೂ ತತ್ತರಿಸಿದವು. ಅದು ನುಗ್ಗಿದ ಬಿರುಕನ್ನು ಮುಚ್ಚುವ ತೇಪೆಯನ್ನು ಮೈಕ್ರೋಸಾಫ್ಟಿನವರು ಎರಡು ತಿಂಗಳ ಹಿಂದೆಯೇ, ಮಾರ್ಚಿಯಲ್ಲಿ, ಕೊಟ್ಟಿದ್ದರು, ಹಾಕಿಕೊಳ್ಳದವರು ಬಹಳ. ಆಗ ನೆರವಾಗುವುದು ಬೇರೆ ಕಡೆ ಇಟ್ಟ ಪ್ರತಿಯೊಂದೇ. ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮಾತ್ರ ಕಚೇರಿಯ ಹೊರಗೆ. ಇದು ತಿಳಿದವರ ನಿಯಮ. ಪ್ರತಿಯಿದ್ದರೆ ಸಾಲದು, ಅದರಿಂದ ಕೋಶವು ಮತ್ತೆ ಮೇಲೇಳುತ್ತದೆಯೇ ಎಂದು ಆಗಾಗ ತೆರೆದು ನೋಡಬೇಕು. ಒಮ್ಮೆಯೂ ಸೇದಿ ನೋಡದ ಬಾವಿಯನ್ನು ನಂಬಿ ಬೇಸಗೆಗೆ ಕಾಯುವವರುಂಟೆ?

ಕಡತದ ದೋಷವನ್ನು ಮೊದಲೇ ಹೇಳಿದೆ: ಒರಸಿದ್ದು ಕಾಣದು. ಇಂದಿನ ದತ್ತಕೋಶಕ್ಕೂ ಇದೇ ದೋಷ ಬರಬಹುದು. ಅದಕ್ಕಾಗಿ ಪಕ್ಕದಲ್ಲಿ ಒಂದು ದಿನಚರಿ ಬೇಕು. ಯಾರು, ಯಾವಾಗ, ಯಾವ ಸಾಲನ್ನು, ಏನಿದ್ದುದನ್ನು ಏನೆಂದು ತಿದ್ದಿದರು ಎಂಬುದು ಅದರಲ್ಲಿ ತಾನಾಗಿಯೇ ಬೀಳಬೇಕು. ಅದನ್ನು ತಿದ್ದುವ ಅಧಿಕಾರ ಆ ಕೋಶದಲ್ಲಿ ಬರೆಯುವವರಿಗೆ ಇರಕೂಡದು. ಕೋಶವು ಕಡತದಂತಿರಲಿ, ದಿನಚರಿಯು ಶಿಲಾಶಾಸನದಂತಿರಲಿ. ಭಾರತ ಸರ್ಕಾರದ ಸರ್ಟ್-ಇನ್ ಸಂಸ್ಥೆಯು ೨೦೨೨ರ ಏಪ್ರಿಲಿನಲ್ಲಿ ಇಂಥ ದಿನಚರಿಗಳನ್ನು ೧೮೦ ದಿನ ಇಟ್ಟಿರಬೇಕೆಂದೂ, ದಾಳಿಯಾದರೆ ಗೊತ್ತಾದ ಆರು ಗಂಟೆಯೊಳಗೆ ತಿಳಿಸಬೇಕೆಂದೂ ಆಜ್ಞೆ ಮಾಡಿದೆ. ೨೦೨೩ರಲ್ಲಿ ವ್ಯಕ್ತಿಗಳ ದತ್ತಾಂಶದ ರಕ್ಷಣೆಗೆಂದೇ ಸಂಸತ್ತು ಒಂದು ಕಾಯಿದೆಯನ್ನೂ ಮಾಡಿತು. ಕಾಯಿದೆಯ ಭಯಕ್ಕಿಂತ ಕೊಟ್ಟವರ ನೆನಪು ಮುಖ್ಯ.

ಆದುದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗ ಕಚೇರಿಗೆ ಹೋಗುವ ನಿಮ್ಮ ಮಕ್ಕಳನ್ನು ಮೂರು ಮಾತು ಕೇಳಿರಿ. ನಿನ್ನ ಕೀಲಿ ನಿನ್ನೊಬ್ಬನಿಗೇ ಗೊತ್ತೇ? ನಿನಗೆ ಬೇಡದ ಬಾಗಿಲು ನಿನಗೆ ತೆರೆಯುತ್ತದೆಯೇ? ಇದ್ದ ಕೋಶ ನಾಳೆ ಹೋದರೆ ಇನ್ನೊಂದು ಪ್ರತಿ ಎಲ್ಲಿದೆ? ಇವಕ್ಕೆ ತಡವರಿಸದೆ ಉತ್ತರ ಬಂದರೆ ಆ ಕಚೇರಿ ಚೆನ್ನಾಗಿದೆಯೆಂದು ತಿಳಿಯಿರಿ. ತಡವರಿಸಿದರೆ, ನಾಳೆ ಬೆಳಗ್ಗೆ ಕೋಶವನ್ನು ತೆರೆಯುವುದಕ್ಕೆ ಮೊದಲು ಅದನ್ನು ನೋಡಿಕೊಳ್ಳುವವರ ಬಳಿಗೆ ಹೋಗಿ ಈ ಮೂರನ್ನೂ ವಿಚಾರಿಸಲು ಹೇಳಿರಿ. ಎಷ್ಟೋ ಮನೆಗಳ ತಿಂಗಳ ಸಂಬಳ ಆ ಪುಸ್ತಕದ ಸಾಲುಗಳಲ್ಲಿದೆ.